ಹೊಟ್ಟು ಕಳೆದ ಮೇಲಿನ ಬೆಲೆ

ನಾನು ಒಳಗೆ ಕೂರುವವರೆಗೆ ಕಾರಿನ ಬಾಗಿಲು ಚೆನ್ನಾಗಿಯೇ ಇತ್ತು. ಕೂತು ಎಳೆದುಕೊಂಡಾಗ ಚೌಕಟ್ಟಿಗೆ ಬಡಿದು ಹಿಂದಕ್ಕೆ ಬಂತು. ಇನ್ನೊಮ್ಮೆ ಎಳೆದೆ, ಮತ್ತೆ ಹಾಗೇ. ಇಳಿದು ಹೊರಗಿನಿಂದ ತಳ್ಳಿದರೆ ಸುಲಭವಾಗಿ ಮುಚ್ಚಿಕೊಂಡಿತು. ಕೂತರೆ ಮುಚ್ಚದು, ಇಳಿದರೆ ಮುಚ್ಚುವುದು. ನನ್ನ ತೂಕ ಎಂಬತ್ತು ಕಿಲೋ. ಅಷ್ಟು ಭಾರಕ್ಕೇ ಮೈ ಬಾಗಿಸುವ ಕಾರಿಗೆ ಬೆಲೆ ಕಟ್ಟಲು ನಾನು ಕುಶಾಲನಗರದಿಂದ ಅಮ್ಮತ್ತಿಗೆ ಬಂದಿದ್ದೆ. ಬಾಗಿಲ ಕೀಲಿನ ಹಿಂಜು ಸವೆದಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೇಡದ್ದು ಕಣ್ಣಿಗೆ ಬಿದ್ದಾಗ ಮೊದಲು ಹಿಂಜಿನ ಮೇಲೆ ತಪ್ಪು ಹೊರಿಸುವುದು ನಮ್ಮ ಕಸುಬಿನವರ ಅಭ್ಯಾಸ.

ಹಳೆ ಗಾಡಿ ಕೊಂಡು, ಸರಿಮಾಡಿ, ಮಾರುವುದು ನನ್ನ ಕೆಲಸ. ನನ್ನ ಶೆಡ್ಡಿಗೆ ಬರುವುದೆಲ್ಲ ಎಸ್ಟೇಟಿನ ಜೀಪು, ಶುಂಠಿ ಸಾಗಿಸಿ ಸೊಂಟ ಮುರಿದುಕೊಂಡ ಪಿಕಪ್ಪು. ಇಂಥ ಕಾರು ಹಿಂದೆಂದೂ ಬಂದಿರಲಿಲ್ಲ. ಇಬ್ಬರೇ ಕೂರುವ, ಮೇಲೆ ಟಾಪು ಇಲ್ಲದ, ಉದ್ದ ಮೂತಿಯ ಕೆಂಪು ಕಾರು. ನೋಡಿದರೆ ಹಳೆಯ ಇಂಗ್ಲಿಷ್ ರೇಸು ಕಾರು, ನಿಜದಲ್ಲಿ ಅದಲ್ಲ. ಇದನ್ನು ಕಟ್ಟಿದ ಕಾಲದಲ್ಲಿ ಕೊಯಮತ್ತೂರಿನ ಕಡೆ ಒಂದು ವರ್ಕ್‌ಶಾಪಿನವರು ಇಂಥ ಕಾರನ್ನು ಬಿಡಿಬಿಡಿಯಾಗಿ ಮಾರುತ್ತಿದ್ದರಂತೆ. ಫೈಬರಿನ ಮೈ, ಗಾಜಿನ ಚೌಕಟ್ಟು, ಒಂದು ಕಟ್ಟು ನಕ್ಷೆ, ಇಷ್ಟು ಲಾರಿಯಲ್ಲಿ ಬರುತ್ತಿತ್ತು. ಭಾರ ಹೊರುವ ಕೆಳಗಿನ ಹಂದರವನ್ನು, ಅಂದರೆ ಚಾಸಿಯನ್ನು, ಕೊಂಡವನೇ ಕಬ್ಬಿಣದ ಚೌಕ ಪೈಪಿನಿಂದ ವೆಲ್ಡ್ ಮಾಡಿಕೊಳ್ಳಬೇಕು. ಇಂಜಿನ್, ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲನ್ನು ಯಾವುದಾದರೂ ಹಳೆ ನಾಲ್ಕು ಬಾಗಿಲಿನ ಕಾರಿನಿಂದ ಬಿಚ್ಚಿ ತಂದು ಕೂರಿಸಬೇಕು. ಇದನ್ನು ನಕಲು ಎಂದರೆ ಕಟ್ಟಿದವನಿಗೆ ಸಿಟ್ಟು ಬರುತ್ತದೆ, ಅಸಲು ಎಂದರೆ ಕೊಳ್ಳುವವನಿಗೆ ನಗು ಬರುತ್ತದೆ.

ಕಟ್ಟಿದವರು ಅಮ್ಮತ್ತಿಯ ಒಂದು ಕಾಫಿ ವರ್ಕ್ಸಿನಲ್ಲಿ ಫಿಟ್ಟರ್ ಆಗಿದ್ದವರು. ಒಣಗಿದ ಕಾಫಿ ಹಣ್ಣಿನ ಹೊಟ್ಟು ಬಿಡಿಸುವ ಹಲ್ಲರ್ ಯಂತ್ರದ ಪಕ್ಕದಲ್ಲೇ ಆಯುಷ್ಯ ಕಳೆದವರು. ಸಕ್ಕರೆ ಕಾಯಿಲೆಯಿಂದ ಅವರ ಬಲಗಾಲನ್ನು ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಕತ್ತರಿಸಿದ್ದರು. ಮನೆ ದಿಬ್ಬದ ಮೇಲೆ, ಕಾರಿನ ಶೆಡ್ಡು ಮೆಟ್ಟಿಲಿಳಿದು ಕೆಳಗೆ. ಕಾಲು ಕೈಕೊಟ್ಟಾಗಿನಿಂದ ಅವರು ಶೆಡ್ಡಿಗೆ ಇಳಿದಿರಲಿಲ್ಲ. ಜಗಲಿಯ ಕುರ್ಚಿಯಲ್ಲಿ ಕೋಲು ಹಿಡಿದು ಕೂತು ನನ್ನನ್ನು ಬರಮಾಡಿಕೊಂಡವರು ನೇರವಾಗಿ ವಿಷಯಕ್ಕೇ ಬಂದರು.

"ದುಡ್ಡಿನ ಅವಸರ ನನಗಿಲ್ಲ ಮಾರಾಯ್ರೆ. ನಾನು ಕಟ್ಟಿದ್ದಕ್ಕೆ ರೇಟು ಎಷ್ಟು ಅಂತ ಕಣ್ಣು ಮುಚ್ಚುವ ಮುಂಚೆ ನನ್ನ ಕಿವಿಯಲ್ಲಿ ಕೇಳ್ಬೇಕು. ಸತ್ತ ಮೇಲೆ ಗುಜರಿಯವ ಬಂದು ಕಿಲೋ ಲೆಕ್ಕ ಹೇಳ್ತಾನೆ. ಅದು ಕೇಳ್ಲಿಕ್ಕೆ ನಾನಿರುದಿಲ್ಲ, ಇವಳಿರ್ತಾಳೆ."

'ಇವಳು' ಎಂದದ್ದು ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು. ಸಣ್ಣ ದೇಹದ, ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡೇ ನಡೆಯುವ ಹೆಂಗಸು.

"ನೋಡಿ ಒಂದು ಅಂದಾಜು ಹೇಳ್ತೀನಿ ಯಜಮಾನ್ರೇ," ಎಂದೆ.

"ಅಂದಾಜು ಬೇಡ. ಓಟಿ ತೆಗ್ದು ಹೇಳಿ."

ಕೊಡಗಿನಲ್ಲಿ ಕಾಫಿ ಮಾರಿದವರಿಗೆಲ್ಲ ಈ ಮಾತು ಗೊತ್ತು. ಒಣಗಿದ ಹಣ್ಣಿನ ಒಂದು ಚೀಲವನ್ನು ಹಲ್ಲರಿಗೆ ಹಾಕಿದರೆ ಹೊಟ್ಟು ಕಳೆದು ಎಷ್ಟು ಕಿಲೋ ಬೀಜ ಸಿಗುತ್ತದೋ ಅದೇ ಓಟಿ. ವ್ಯಾಪಾರಿ ಚೀಲದಿಂದ ಒಂದು ಸ್ಯಾಂಪಲ್ ತೆಗೆದು, ಬಿಡಿಸಿ, ತೂಗಿ, ತೇವ ನೋಡಿ ಬೆಲೆ ಕಟ್ಟುತ್ತಾನೆ. ಬೆಲೆ ಕಡಿಮೆ ಹೇಳಿದರೆ ಸುಮ್ಮನೆ ಹೇಳುವ ಹಾಗಿಲ್ಲ. ಕಪ್ಪಾದ ಬೀಜವನ್ನೋ ಹುಳ ಕೊರೆದದ್ದನ್ನೋ ಬೆಳೆಗಾರನ ಅಂಗೈಗೆ ಹಾಕಿ ತೋರಿಸಬೇಕು. ಅದು ಇಲ್ಲಿನ ಮರ್ಯಾದೆ. ಕಾರಿಗೂ ಹಾಗೇ ಮಾಡಿ ಎಂದು ಅವರು ಕೇಳುತ್ತಿದ್ದರು. ಕಷ್ಟವೇನಿಲ್ಲ ಎಂದುಕೊಂಡು ಒಪ್ಪಿಕೊಂಡೆ. ಕುಟ್ಟದ ಹತ್ತಿರದ ಒಬ್ಬ ರೆಸಾರ್ಟಿನವರು ಬರುವ ಅತಿಥಿಗಳನ್ನು ಕೂರಿಸಿಕೊಂಡು ತಮ್ಮ ತೋಟದ ದಾರಿಯಲ್ಲೇ ಸುತ್ತಾಡಿಸಲು ಇಂಥದೊಂದು ಕಾರು ಬೇಕೆಂದು ನನಗೆ ಹೇಳಿದ್ದರು. ಮೂರೂವರೆ ಲಕ್ಷದವರೆಗೆ ಕೊಡಲು ತಯಾರಿದ್ದರು. ಎರಡೂವರೆಗೆ ಕೊಂಡರೂ ಇಬ್ಬರಿಗೂ ಸುಖ ಎಂಬ ಲೆಕ್ಕ ನನ್ನ ತಲೆಯಲ್ಲಿ ಆಗಲೇ ಕೂತಿತ್ತು.

ಶೆಡ್ಡಿಗೆ ನನ್ನನ್ನು ಕರೆದುಕೊಂಡು ಹೋದದ್ದು ಹೆಂಡತಿ. ತಾಡಪಾಲು ಎಳೆದಾಗ ಕೆಂಪು ಬಣ್ಣ ಫಳಫಳ ಹೊಳೆಯಿತು. ಮಳೆಗಾಲ ಮುಗಿಯುತ್ತ ಬಂದಿತ್ತು. ನಮ್ಮ ಕಡೆ ಆ ಹೊತ್ತಿಗೆ ಚಪ್ಪಲಿಗೂ ಬೂಷ್ಟು ಹಿಡಿದಿರುತ್ತದೆ. ಇದರ ಸೀಟಿನ ಮೇಲೆ ಒಂದು ಚುಕ್ಕೆ ಇಲ್ಲ. ಫೈಬರಿನ ಮೇಲೆ ನಾಣ್ಯ ತಟ್ಟುತ್ತ ಸುತ್ತು ಬಂದೆ. ಪದರ ಬಿಟ್ಟ ಕಡೆ ಸದ್ದು ಟೊಳ್ಳಾಗಿ ಬರುತ್ತದೆ. ಎಡ ಮಡ್‌ಗಾರ್ಡಿನ ಒಂದು ಮೂಲೆ ಬಿಟ್ಟರೆ ಎಲ್ಲ ಗಟ್ಟಿ. ಆಮೇಲೆ ಒಳಗೆ ಕೂತದ್ದು, ಬಾಗಿಲು ಮುಚ್ಚದೆ ಹೋದದ್ದು. ಅದನ್ನು ಪಕ್ಕಕ್ಕಿಟ್ಟು ಬಾನೆಟ್ ಎತ್ತಿದೆ.

ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಸಿಲಿಂಡರಿಗೆ ಸ್ವಲ್ಪ ಸ್ವಲ್ಪ ಎಣ್ಣೆ ಬಿಟ್ಟು, ಪುಲ್ಲಿ ಹಿಡಿದು ಕೈಯಿಂದ ತಿರುಗಿಸಿದೆ. ತಿರುಗಿತು. ನನ್ನ ಬ್ಯಾಟರಿ ಕೊಟ್ಟು ಕಂಪ್ರೆಷನ್ ನೋಡಿದೆ. ಮೂರು ಸಿಲಿಂಡರಿನಲ್ಲಿ ಚೆನ್ನಾಗಿತ್ತು, ನಾಲ್ಕನೆಯದು ಸ್ವಲ್ಪ ಮಂಕು. ಇಲಿ ಕಡಿದ ಒಂದು ವೈರು ಕೂಡಿಸಿ, ಕಾರ್ಬುರೇಟರ್ ತೊಳೆದು, ಬಾಟಲಿಯಿಂದ ನೇರವಾಗಿ ಪೆಟ್ರೋಲು ಬಿಟ್ಟೆ. ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು, ಕೊನೆಗೆ ಹಿಡಿದುಕೊಂಡಿತು. ಶೆಡ್ಡು ತುಂಬ ಹೊಗೆ. ಆಕೆ ಬಾಗಿಲಿಗೆ ಓಡಿ ಮೇಲಕ್ಕೆ ಕೂಗಿದರು.

"ಕೇಳಿಸ್ತಾ?"

ಜಗಲಿಯ ನೆಲಕ್ಕೆ ಕೋಲು ಬಡಿದ ಸದ್ದು ಬಂತು. ಒಂದು ಸಲ, ಗಟ್ಟಿಯಾಗಿ.

"ಕೇಳಿಸಿದ್ರೆ ಹಾಗೆ ಬಡಿತಾರೆ. ಕೂಗ್ಲಿಕ್ಕೆ ಉಸಿರು ಸಾಲುದಿಲ್ಲ ಅವರಿಗೆ," ಎಂದು ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹೊಗೆಗಿರಬಹುದು.

ನನಗೂ ಖುಷಿಯಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಇಂಜಿನ್ ಆರಿಸಿ, ಗೋಣಿ ಹಾಸಿ, ಟಾರ್ಚು ಹಿಡಿದು ಕೆಳಗೆ ಬಗ್ಗಿದೆ. ಹಳೆ ಗಾಡಿ ಕೊಳ್ಳುವವನಿಗೆ ಕಣ್ಣಿಗಿಂತ ಮಂಡಿ ಗಟ್ಟಿ ಇರಬೇಕು, ಬಗ್ಗದವನು ಕೆಡುತ್ತಾನೆ. ಆದರೆ ಕೆಳಗೆ ನೋಡಲು ಜಾಗವೇ ಇರಲಿಲ್ಲ. ಒಂದು ಚಕ್ರದಿಂದ ಇನ್ನೊಂದು ಚಕ್ರದವರೆಗೆ ಕಾರಿನ ಹೊಟ್ಟೆ ಮುಟ್ಟುವ ಹಾಗೆ ಕಾಫಿ ಹೊಟ್ಟು ತುಂಬಿತ್ತು.

"ಇದೇನಮ್ಮ?"

"ನಾನೇ ಹಾಕಿದ್ದು," ಎಂದರು. ದನಿಯಲ್ಲಿ ಸ್ವಲ್ಪ ಜಂಬವೇ ಇತ್ತು. "ಇವರಿಗೆ ಇಳಿಲಿಕ್ಕೆ ಆಗದ ಮೇಲೆ ಕಾರಿನ ಗತಿ ಏನು ಅಂತ ಯೋಚ್ನೆ ಆಯ್ತು. ನೆಲದ ಶೀತ ಏರ್ತದಲ್ಲ? ದನದ ಕೊಟ್ಟಿಗೆಗೆ ಹೊಟ್ಟು ಹಾಕಿದ್ರೆ ನೆಲ ಬೆಚ್ಚಗಿರ್ತದೆ. ಹಾಗೇ ಇದಕ್ಕೂ. ಪ್ರತಿ ವರ್ಷ ಮಳೆಗೆ ಮುಂಚೆ ವರ್ಕ್ಸಿನ ರಾಶಿಯಿಂದ ಹೊತ್ಕೊಂಡು ಬಂದು ಮೇಲಿಂದ ತುಂಬಿಸ್ತೇನೆ. ಇವರಿಗೆ ಹೇಳ್ಬೇಡಿ. ಸೊಂಟ ಮುರ್ಕೊಳ್ತೀಯ ಅಂತ ಬೈತಾರೆ."

  ಕೊಟ್ಟಿಗೆಯಲ್ಲಿ ಹೊಟ್ಟನ್ನು ದಿನವೂ ಎಳೆದು ಹೊರಗೆ ಹಾಕುತ್ತಾರೆ. ಕೂತ ಹೊಟ್ಟು ಬೇರೆ ಜಾತಿ. ಅದು ಗಾಳಿಯ ತೇವವನ್ನೆಲ್ಲ ಕುಡಿದು, ಒಳಗೊಳಗೇ ಬಿಸಿಯಾಗಿ, ಹುಳಿಯಾಗುತ್ತದೆ. ಆ ಹುಳಿ ಕಬ್ಬಿಣವನ್ನು ಬಿಡುವುದಿಲ್ಲ.

ಆಕೆ ಕಾಫಿ ಮಾಡಲು ಮೇಲೆ ಹೋದರು. ನಾನು ಸಲಿಕೆ ಹುಡುಕಿ ಹೊಟ್ಟನ್ನು ಎಳೆದೆ. ಹೊರ ಅಂಚಿನದು ಒಣ, ಹಗುರ. ಒಂದು ಗೇಣು ಒಳಗೆ ಕಪ್ಪಗೆ, ಮುದ್ದೆಯಾಗಿ, ಮೂಗು ಮುಚ್ಚಿಕೊಳ್ಳುವ ಹುಳಿ ವಾಸನೆ. ಚಾಸಿಯ ಉದ್ದ ಪೈಪಿಗೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಕೆಯವರೆಗೆ ಹೋಯಿತು. ಇನ್ನೊಂದು ಕಡೆ ಒತ್ತಿದೆ, ಅಲ್ಲೂ ಹೋಯಿತು. ನಡುವಿನ ಅಡ್ಡಪಟ್ಟಿಗೆ ಜಾಕ್ ಕೊಟ್ಟು ಎತ್ತಿದರೆ ಕಾರು ಏಳಲಿಲ್ಲ, ಹಪ್ಪಳ ಮುರಿದ ಸದ್ದಾಗಿ ಜಾಕೇ ಒಳಗೆ ಹೋಯಿತು. ಬಾಗಿಲು ಯಾಕೆ ಮುಚ್ಚಲಿಲ್ಲವೆಂದು ಈಗ ತಿಳಿಯಿತು. ಕಾರು ನಡುವಿನಲ್ಲಿ ಆಗಲೇ ಎರಡಾಗಿತ್ತು, ಫೈಬರಿನ ಮೈ ಹಿಡಿದುಕೊಂಡಿತ್ತು ಅಷ್ಟೇ. ಮೇಲೆ ಥಳುಕು ಒಳಗೆ ಹುಳುಕು ಎಂಬ ಮಾತನ್ನು ನಾನು ಗಿರಾಕಿಗಳಿಗೆ ನಗುತ್ತ ಹೇಳಿದ್ದುಂಟು. ಆವತ್ತು ನಗು ಬರಲಿಲ್ಲ.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡಿತು. ಪೈಪು ತಿಂದುಹೋಗಿತ್ತು, ವೆಲ್ಡಿಂಗ್ ತಿಂದುಹೋಗಿರಲಿಲ್ಲ. ಒಂದೊಂದು ಜಾಯಿಂಟನ್ನೂ ಸುತ್ತಿಗೆಯಿಂದ ಬಡಿದು ನೋಡಿದೆ. ಒತ್ತೊತ್ತಾಗಿ, ಒಂದೇ ಅಳತೆಯಲ್ಲಿ ಬಿದ್ದ ಗೆರೆಗಳು. ಮೂಲೆಗೆಲ್ಲ ತ್ರಿಕೋನದ ತುಂಡು ಕೊಟ್ಟು ಬಿಗಿ ಮಾಡಿದ್ದರು. ನನ್ನ ಶೆಡ್ಡಿನಲ್ಲಿ ಅಂಥ ಕೆಲಸ ಮಾಡುವವರು ಯಾರೂ ಇಲ್ಲ, ನನ್ನನ್ನೂ ಸೇರಿಸಿ.

ಗೋಣಿಯ ಮೇಲೆ ಕೂತು ಓಟಿ ಲೆಕ್ಕ ಹಾಕಿದೆ. ಇಂಜಿನ್, ಗೇರ್‌ಬಾಕ್ಸು, ಆಕ್ಸಲ್ಲು, ಕಡ್ಡಿ ಚಕ್ರಗಳು, ಮೀಟರು, ದೀಪ, ಗಾಜಿನ ಚೌಕಟ್ಟು. ಎಲ್ಲ ಬಿಚ್ಚಿ ಮಾರಿದರೆ, ನನ್ನ ಕೂಲಿ ಕಳೆದು, ಒಂದು ಲಕ್ಷ. ಬೆಲೆ ಬರುವುದೆಲ್ಲ ಅವರು ಅಂಗಡಿಯಿಂದ ತಂದದ್ದು. ಅವರು ಕೈಯಾರೆ ಕಟ್ಟಿದ ಚಾಸಿಗೆ ಬೆಲೆ ಸೊನ್ನೆ. ಹೊಟ್ಟಿನ ಲೆಕ್ಕಕ್ಕೆ ಹೋಗುವುದು ಅದೊಂದೇ. ಇದನ್ನು ಅವರ ಕಿವಿಗೆ ಹಾಕಲು ನಾನು ಮೇಲೆ ಹೋಗಬೇಕಿತ್ತು.

ಅದಕ್ಕೆ ಮುಂಚೆ ರೆಸಾರ್ಟಿನವರಿಗೆ ಫೋನ್ ಮಾಡಿದೆ. ಚಾಸಿ ಹೋಗಿದೆ ಎಂದೆ.

"ಇಂಜಿನ್ ಓಡ್ತದಲ್ಲ?"

"ಓಡುತ್ತೆ."

"ಮತ್ತೇನು? ಕೆಳಗೆ ಎರಡು ಪಟ್ಟಿ ಹೊಡ್ದು ಕಪ್ಪು ಪೈಂಟ್ ಬಳಿರಿ. ಕೆಳಗೆ ಯಾರು ಬಗ್ಗಿ ನೋಡ್ತಾರೆ? ನಮ್ಮ ತೋಟದ ಒಳಗೇ ಓಡೋದು, ರೋಡಿಗೆ ಬರೋದಿಲ್ಲ."

ಅವರ ತೋಟದ ದಾರಿ ನಾನು ನೋಡಿದ್ದೇನೆ. ಒಂದು ಪಕ್ಕ ದರೆ, ಇನ್ನೊಂದು ಪಕ್ಕ ಕೆಳಗೆ ಕಾಣದ ಇಳಿಜಾರು. ಕೊಳೆತ ಪೈಪಿಗೆ ಪಟ್ಟಿ ಹೊಡೆಯುವುದೆಂದರೆ ಹರಿದ ಬಟ್ಟೆಗೆ ಹರಿದ ಬಟ್ಟೆಯ ತೇಪೆ. ಕೊಡಲಾಗುವುದಿಲ್ಲ ಎಂದೆ. ಹಾಗಾದರೆ ಕಾರೇ ಬೇಡ, ಓಡದೆ ನಿಲ್ಲುವ ಅಲಂಕಾರಕ್ಕೆ ಹೂಕುಂಡ ನಮ್ಮಲ್ಲಿ ಬೇಕಾದಷ್ಟಿದೆ ಎಂದು ಅವರು ಫೋನ್ ಇಟ್ಟರು. ಎರಡೂವರೆ ಲಕ್ಷದ ಮಾತು ಅಲ್ಲಿಗೆ ಮುಗಿಯಿತು.

ಇನ್ನು ಉಳಿದದ್ದು ಬೆಲೆ ಇಳಿದದ್ದಕ್ಕೆ ಹೇಳಬೇಕಾದ ಕಾರಣ. ಹೊಟ್ಟಿನ ವಿಷಯ ಹೇಳಿದರೆ ಆ ಹೆಂಗಸು ಸೊಂಟ ಬಗ್ಗಿಸಿ ವರ್ಷವರ್ಷ ಹೊತ್ತದ್ದೇ ಕಾರನ್ನು ತಿಂದಿತು ಎಂದು ಗಂಡನ ಎದುರಿಗೇ ಹೇಳಿದಂತೆ. ವೆಲ್ಡಿಂಗ್ ಸರಿ ಇಲ್ಲ ಎಂದರೆ ಸುಳ್ಳು, ಅದೂ ಅವರು ಯಾವ ಮಾತಿಗಾಗಿ ಕಾಯುತ್ತಿದ್ದರೋ ಅದರ ಮೇಲೇ ಮಣ್ಣು ಹಾಕಿದಂತೆ. ಏನೂ ಹೇಳದೆ ಎರಡು ಲಕ್ಷ ಎಂದುಬಿಡೋಣವೆಂದೂ ಅನ್ನಿಸಿತು. ಆದರೆ ನನ್ನ ಮನೆಯಲ್ಲೂ ಒಲೆ ಉರಿಯಬೇಕಲ್ಲ. ಕೊನೆಗೆ ತಪ್ಪನ್ನು ಆರ್‌ಸಿ ಪುಸ್ತಕದ ಮೇಲೆ ಹಾಕೋಣ ಎಂದು ನಿರ್ಧರಿಸಿದೆ. ಪುಸ್ತಕದಲ್ಲಿ ಇರುವುದು ಇಂಜಿನ್ ಬಿಚ್ಚಿ ತಂದ ಬಿಳಿ ಬಣ್ಣದ ನಾಲ್ಕು ಬಾಗಿಲಿನ ಕಾರು, ಶೆಡ್ಡಿನಲ್ಲಿ ಇರುವುದು ಕೆಂಪು ಬಣ್ಣದ ಎರಡು ಬಾಗಿಲಿನದು. ಅದೂ ನಿಜವಾದ ತೊಂದರೆಯೇ. ಯಾರಿಗೂ ನೋವಾಗದ ನಿಜ ಸಿಕ್ಕಿತೆಂದು ಮೆಟ್ಟಿಲು ಹತ್ತಿದೆ.

"ಪೇಪರ್ ಸರಿ ಇಲ್ಲ ಯಜಮಾನ್ರೇ. ರಿನ್ಯೂವಲ್ ಆಗಲ್ಲ. ಆ ಲೆಕ್ಕದಲ್ಲಿ..." ಎಂದು ಅಡ್ಡಗೋಡೆಯ ಮೇಲೆ ದೀಪ ಇಡುವ ಹಾಗೆ ಶುರು ಮಾಡಿದೆ.

ಅವರು ಕೋಲೆತ್ತಿ ನಿಲ್ಲಿಸಿದರು.

"ಪೇಪರು ಮೊದ್ಲಿಂದ್ಲೂ ಹಾಗೇ ಉಂಟು. ಅದು ನಿಮಗೆ ಬರುವ ಮುಂಚೆಯೇ ಗೊತ್ತಿತ್ತು, ಆದ್ರೂ ಬಂದ್ರಿ. ಚೀಲದ ಮೇಲಿನ ಅಕ್ಷರ ಓದಿ ಯಾರಾದ್ರೂ ಕಾಫಿಗೆ ರೇಟು ಕಡಿತಾರಾ? ಸ್ಯಾಂಪಲ್ ತೋರ್ಸಿ."

ಮತ್ತೆ ಕೆಳಗೆ ಹೋದೆ. ಪೈಪಿನಿಂದ ತುಕ್ಕಿನ ಒಂದು ಹಿಡಿ ಚಕ್ಕೆ ಕೆತ್ತಿಕೊಂಡೆ. ಅದಕ್ಕೆ ಅಂಟಿದ್ದ ಹೊಟ್ಟನ್ನು ಬಟ್ಟೆಯಿಂದ ಒರೆಸಿ ಒರೆಸಿ ತೆಗೆದೆ. ಒಂದು ಎಳೆಯೂ ಉಳಿಯಬಾರದೆಂದು ಬೆಳಕಿಗೆ ಹಿಡಿದು ನೋಡಿದೆ. ಮೇಲೆ ಬಂದು ಅವರ ಅಂಗೈಗೆ ಹಾಕಿದೆ. ಅಡುಗೆಮನೆಯಲ್ಲಿ ಲೋಟಗಳ ಸದ್ದಾಗುತ್ತಿತ್ತು.

ಅವರು ಚಕ್ಕೆಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಪುಡಿಯಾಯಿತು. ಆಮೇಲೆ, ವ್ಯಾಪಾರಿಗಳು ಬೀಜ ಮೂಸುವ ಹಾಗೆ, ಅಂಗೈಯನ್ನು ಮೂಗಿನ ಹತ್ತಿರ ತಂದರು. ನಾನು ಒರೆಸಿದ್ದು ಹೊಟ್ಟನ್ನು ಮಾತ್ರ. ವಾಸನೆಯನ್ನು ಒರೆಸುವ ಬಟ್ಟೆ ನನ್ನ ಹತ್ತಿರ ಇರಲಿಲ್ಲ.

ಆಯುಷ್ಯವಿಡೀ ಹಲ್ಲರಿನ ಪಕ್ಕದಲ್ಲಿ ಅವರು ಕುಡಿದ ವಾಸನೆ ಅದು. ಕೈ ಇಳಿಸದೆಯೇ ತಗ್ಗಿದ ದನಿಯಲ್ಲಿ ಕೇಳಿದರು. "ಹೊಟ್ಟು ಎಷ್ಟು ಎತ್ತರಕ್ಕೆ ಹಾಕಿದ್ದಾಳೆ?"

ನಾನು ಮಂಡಿಯ ಕೆಳಗೆ ಕೈ ತೋರಿಸಿದೆ.

"ಪ್ರತಿ ವರ್ಷವಾ?"

"ಹೂಂ ಅಂತೆ."

"ಸೊಂಟ ನೋವು, ಸೊಂಟ ನೋವು ಅಂತ ಹೇಳ್ತಾ ಇದ್ಲು," ಎಂದರು. 

ಆಕೆ ತಟ್ಟೆಯಲ್ಲಿ ಕಾಫಿ ಹಿಡಿದು ಬಂದರು. ನಮ್ಮಿಬ್ಬರ ಮುಖ ನೋಡಿ ಬಾಗಿಲಲ್ಲೇ ನಿಂತರು. "ಏನಾಯ್ತು? ಇಂಜಿನ್ ಓಡ್ತಲ್ಲ? ಮತ್ತೇನು ಕಮ್ಮಿ ಉಂಟು?"

ಯಜಮಾನರು ಅಂಗೈ ಮುಚ್ಚಿಕೊಂಡರು.

"ಚಾಸಿ ಹೋಗಿದೆ. ನನ್ನ ವೆಲ್ಡಿಂಗ್ ಸರಿ ಬೀಳ್ಲಿಲ್ಲ. ಜಾಯಿಂಟಲ್ಲಿ ನೀರು ಹೊಕ್ಕು ತುಕ್ಕು ಹಿಡ್ದದೆ."

"ನೀವು ಮಾಡಿದ್ದಾ? ಇಡೀ ಕೊಡಗಲ್ಲಿ ಅಂಥ ವೆಲ್ಡಿಂಗ್ ಇಲ್ಲ ಅಂತ ನೀವೇ ಹೇಳ್ತಿದ್ರಿ."

"ಹೇಳ್ಕೊಳ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು." ನನ್ನ ಕಡೆ ತಿರುಗಿದರು. "ಕೆಳಗೆ ಬಗ್ಗಿ ನೋಡಿದ್ದು ಇವರು. ಅಲ್ವಾ ಮಾರಾಯ್ರೆ? ವೆಲ್ಡಿಂಗೇ ಅಲ್ವಾ?"

ಆ ಕಣ್ಣನ್ನು ನಾನು ಈಗಲೂ ಮರೆತಿಲ್ಲ. ಹೌದು ಎನ್ನು ಎಂದು ಅದು ನನ್ನನ್ನು ಬೇಡುತ್ತಿತ್ತು. ಬದುಕಿನಲ್ಲಿ ನಾನು ನೋಡಿದ ಅತಿ ಒಳ್ಳೆಯ ವೆಲ್ಡಿಂಗ್ ಅದು. ಅದನ್ನು ಮಾಡಿದವರು ಅದಕ್ಕೆ ರೇಟು ಕೇಳಲೆಂದೇ ನನ್ನನ್ನು ಕರೆಸಿದ್ದರು.

"ಹೌದಮ್ಮ," ಎಂದೆ. "ವೆಲ್ಡಿಂಗ್ ಸರಿ ಇರಲಿಲ್ಲ."

ನನ್ನ ಬಾಯಿಂದ ಬಂದ ಮಾತಿಗೆ ನನಗೇ ಹೇಸಿಗೆಯಾಯಿತು. ಅದನ್ನು ತೊಳೆದುಕೊಳ್ಳಲೋ ಏನೋ, ಒಂದು ಲಕ್ಷದ ಇಪ್ಪತ್ತು ಸಾವಿರ ಎಂದೆ. ಯಜಮಾನರು ಕಾಫಿಯ ಲೋಟವನ್ನು ಕೆಳಗಿಟ್ಟು, ಇಂಜಿನ್ನಿಗೆ ಎಷ್ಟು, ಆಕ್ಸಲ್ಲಿಗೆ ಎಷ್ಟು ಎಂದು ಒಂದೊಂದನ್ನೇ ಕೇಳಿದರು. ನಾನು ಹೇಳುತ್ತ ಹೋದೆ. ಕೇಳಿ ಮುಗಿಸಿ ತಲೆಯಾಡಿಸಿದರು.

"ಓಟಿ ಅಷ್ಟು ಬರುದಿಲ್ಲ. ಒಂದು ಲಕ್ಷ. ಮೇಲಿನ ಇಪ್ಪತ್ತು ನಿಮ್ಮ ಜೇಬಲ್ಲೇ ಇರ್ಲಿ. ನನಗೆ ಬೇಕಾದ ರೇಟು ಅದಲ್ಲ." ಲೋಟ ಎತ್ತಿಕೊಳ್ಳುತ್ತ ಹೇಳಿದರು. "ಒಂದು ಮಾತು. ಆ ಚಾಸಿ ಯಾರ ಕೈಗೂ ಹೋಗ್ಬಾರ್ದು. ಇಲ್ಲೇ ಕತ್ತರಿಸಿ ತಗೊಂಡು ಹೋಗಿ. ನನ್ನ ಕೆಲಸ ನಂಬಿ ಯಾರೂ ಸಾಯ್ಬಾರ್ದು."

ಆ ಕೊನೆಯ ಮಾತು ಹೆಂಡತಿಗಾಗಿ ಹೇಳಿದ್ದು. ಆಕೆ ಅದನ್ನು ನಂಬಿ ತಲೆತಗ್ಗಿಸಿದರು. ಗಂಡನ ಪರವಾಗಿ ನಾಚಿಕೊಂಡ ಹಾಗಿತ್ತು.

ಮುಂದಿನ ವಾರ ಪಿಕಪ್ಪು, ಗ್ಯಾಸ್ ಕಟರು ಮತ್ತು ಅಮ್ಮತ್ತಿಯ ಲೋಡಿಂಗಿನವರನ್ನು ಕರೆದುಕೊಂಡು ಹೋದೆ. ಮೊದಲು ಫೈಬರಿನ ಮೈಯನ್ನು ಬೋಲ್ಟು ಬಿಚ್ಚಿ ಎತ್ತಿ ಹೊರಗೆ ಹುಲ್ಲಿನ ಮೇಲೆ ಇಟ್ಟೆವು. ಇಂಜಿನ್ನನ್ನು ಚೈನಿನಲ್ಲಿ ಇಳಿಸಿದೆವು. ಉಳಿದ ಚಾಸಿಯನ್ನು ನಾನೇ ಕತ್ತರಿಸಿದೆ, ಬೇರೆಯವರ ಕೈಗೆ ಕಟರ್ ಕೊಡಲು ಮನಸ್ಸಾಗಲಿಲ್ಲ. ಪೈಪು ಇದ್ದಲ್ಲಿ ಜ್ವಾಲೆ ತಗುಲಿದ ಕೂಡಲೇ ಉದುರಿಹೋಯಿತು. ಜಾಯಿಂಟು ಬಂದಲ್ಲಿ ಕಟರ್ ನಿಂತು ನಿಂತು ಹೋಯಿತು. ಕತ್ತರಿಸಿ ಮುಗಿಯುವ ಹೊತ್ತಿಗೆ ನೆಲದ ಮೇಲೆ ಹೆಚ್ಚು ಉಳಿದಿದ್ದದ್ದು ಜಾಯಿಂಟುಗಳೇ. ಗುಜರಿಯ ಚೀಲಕ್ಕೆ ಅವನ್ನು ತುಂಬುವಾಗ ಒಂದನ್ನು ನಾನು ಪಿಕಪ್ಪಿನ ಸೀಟಿನ ಕೆಳಗೆ ಹಾಕಿಕೊಂಡೆ. ಮೇಲಿದ್ದವರಿಗೆ ಸದ್ದೆಲ್ಲ ಕೇಳಿಸಿರಬೇಕು. ಜಗಲಿಯಿಂದ ಕೋಲಿನ ಸದ್ದು ಮಾತ್ರ ಬರಲಿಲ್ಲ.

ಶೆಡ್ಡು ಖಾಲಿಯಾದ ಮೇಲೆ ಆಕೆ ಪೊರಕೆ ತಂದು, ಕಾರು ನಿಂತಿದ್ದ ಜಾಗದ ಹೊಟ್ಟನ್ನು ಒಂದು ಮೂಲೆಗೆ ಗುಡಿಸಿದರು. ಬಗ್ಗಿ ಎದ್ದಾಗ ಸೊಂಟ ಹಿಡಿದುಕೊಂಡು, ನನ್ನೊಬ್ಬನಿಗೇ ಎಂಬಂತೆ ಹೇಳಿದರು. ಆದರೆ ಖಾಲಿ ಶೆಡ್ಡಿನಲ್ಲಿ ದನಿ ದೊಡ್ಡದಾಗಿಯೇ ಕೇಳಿಸಿತು.

"ಪಾಪ, ಇವರಿಗೆ ವೆಲ್ಡಿಂಗ್ ಬರ್ತಿರ್ಲಿಲ್ಲ ಅಂತ ನನಗೆ ಇಷ್ಟು ವರ್ಷ ಗೊತ್ತಿರ್ಲಿಲ್ಲ ನೋಡಿ. ನಾನು ಹೊಟ್ಟು ಹಾಕಿದ್ದಕ್ಕೆ ಇಷ್ಟಾದ್ರೂ ಉಳೀತು."

ಮೇಲೆ ಜಗಲಿಯಲ್ಲಿ ಕೋಲು ಒಂದು ಸಲ ನೆಲಕ್ಕೆ ಬಡಿಯಿತು.